ಏಟು ಬೀಳುವ ಮೊದಲೇ 56 ಅಂತೆ!

ರಸ್ತೆ ಪರೀಕ್ಷೆಯ ಫಾರಂ ಅಚ್ಚು ಹಾಕುವವನು ನಾನು. ಮೊನ್ನೆ ಗುತ್ತಿಗೆದಾರನೊಬ್ಬ ಬಂದು, 'ಏಟು 56 ಅಂತ ಮೊದಲೇ ಪ್ರಿಂಟ್ ಹಾಕಿಬಿಡಿ' ಅಂದ. ಹಾಕಲಿಲ್ಲ!

ಸಿಬಿಆರ್ ಮೋಲ್ಡಿಗೆ ಗ್ರಾವೆಲ್ಲನ್ನು 5 ಪದರವಾಗಿ ತುಂಬಬೇಕು. ಹೆವಿ ಕಾಂಪ್ಯಾಕ್ಷನ್ ಅಂದರೆ ಪದರಕ್ಕೆ 56 ಸಲ, 4.9 ಕಿಲೋ ರ‍್ಯಾಮರ್ 450 ಮಿ.ಮೀ. ಎತ್ತರದಿಂದ ಬೀಳಬೇಕು. ಲೆಕ್ಕ ಹಾಕಿ, 280 ಏಟು! ನೀರಿನ ಹದ ಎಲ್ಲ ಕಡೆ ಒಂದೇ ಇರಬೇಕು. ಕಲ್ಲು ಒಂದೆಡೆ, ಪುಡಿ ಒಂದೆಡೆ ಕೂತರೆ ಆ ಮಾದರಿಯೇ ಸುಳ್ಳು. ಮಳೆಗಾಲಕ್ಕೆ ಗುಂಡಿಗೆ ಬೀಳುವವರು ನಾವು.

ರ‍್ಯಾಮರ್ ಎತ್ತುವ ಹುಡುಗ ಕನ್ನಡದವನು, ಫಾರಂ ಇಂಗ್ಲಿಷಿನದು. ಓದಲಾಗದ ಕಾಗದಕ್ಕೆ ಅವನ ಸಹಿ! ಯಾವ ನ್ಯಾಯ ಸ್ವಾಮಿ ಇದು?

ಕನ್ನಡ ಫಾರಂ ಜೋಡಿಸಿಟ್ಟಿದ್ದೇನೆ. ಏಟಿನ ಖಾನೆ ಖಾಲಿಯೇ ಇದೆ. ಬೇಕಾದವರು ಬರಲಿ.