ದುಡಿಮೆಯ ತಾಸು ಎಣಿಸುವವರು ಯಾರು?

ಪರದೇಶದವರು ಹಗಲಿರುಳು ದುಡಿದು ಮೇಲೆ ಬಂದರು, ನಮ್ಮವರು ಮೈಗಳ್ಳರು. ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಕಟ್ಟೆಯ ಮೇಲೆ ಕುಳಿತು ಕೇಳಿದವರೇ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥೆಯ ಎನ್.ಆರ್. ನಾರಾಯಣ ಮೂರ್ತಿಯವರು ಎರಡನೆಯ ಮಹಾಯುದ್ಧದ ನಂತರದ ಜರ್ಮನಿ, ಜಪಾನುಗಳನ್ನು ನೆನೆದು, ನಮ್ಮ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಈ ಮಾತಿಗೆ ಹೊಸ ಜೀವ ಬಂತು. 2025ರ ಜನವರಿಯಲ್ಲಿ ಲಾರ್ಸೆನ್ ಅಂಡ್ ಟೂಬ್ರೋ ಕಂಪನಿಯ ಮುಖ್ಯಸ್ಥರ 90 ಗಂಟೆಯ ಮಾತೂ ಹೊರಬಂತು. ಪರವಾಗಿ ಮಾತಾಡಿದವರಿದ್ದರು, ಹಾಸ್ಯ ಮಾಡಿದವರೂ ಇದ್ದರು. ಆದರೆ ದುಡಿಮೆಯ ತಾಸನ್ನು ಎಣಿಸುವುದು ಹೇಗೆ, ಎಣಿಸುವವರು ಯಾರು ಎಂದು ಕೇಳಿದವರು ಕಡಿಮೆ.

ಮೊದಲು ಯುರೋಪಿನ ಲೆಕ್ಕವನ್ನೇ ನೋಡೋಣ. ಯುರೋಪ್ ಒಕ್ಕೂಟದ ಅಂಕಿಅಂಶ ಕಚೇರಿಯ ಹೆಸರು ಯೂರೋಸ್ಟಾಟ್. ಅದು ಕೊಟ್ಟ 2023ರ ಲೆಕ್ಕದ ಪ್ರಕಾರ ಅಲ್ಲಿಯ ದುಡಿಯುವವನೊಬ್ಬ ವಾರಕ್ಕೆ ಸರಾಸರಿ 36.1 ತಾಸು ದುಡಿದ. ಅತಿ ಹೆಚ್ಚು ದುಡಿದವರು ಗ್ರೀಸಿನವರು, 39.8 ತಾಸು. ಅತಿ ಕಡಿಮೆ ನೆದರ್ಲೆಂಡ್ಸಿನವರು, 32.2 ತಾಸು. ನಾವು ಮಾದರಿಯಾಗಿ ತೋರಿಸುವ ಜರ್ಮನರದು 34 ತಾಸು. ಇದನ್ನು ಓದಿದವರಿಗೆ ಗೊಂದಲವಾಗುತ್ತದೆ. ಹಾಗಾದರೆ ಕಷ್ಟಜೀವಿ ಗ್ರೀಕನೇ? ಡಚ್ಚರು ಸೋಮಾರಿಗಳೇ?

ಹಾಗೇನಿಲ್ಲ. ನೆದರ್ಲೆಂಡ್ಸಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ತಿ ವಾರ ದುಡಿಯುವುದಿಲ್ಲ. ಮೂರು ದಿನವೋ ನಾಲ್ಕು ದಿನವೋ ಹೋಗಿ ಬರುತ್ತಾರೆ. ಅವರನ್ನೂ ಸೇರಿಸಿ ಸರಾಸರಿ ತೆಗೆದರೆ ತಾಸು ಇಳಿಯುತ್ತದೆ. ಗ್ರೀಸಿನಲ್ಲಿ ಸ್ವಂತ ಅಂಗಡಿ, ಸ್ವಂತ ತೋಟ ಇಟ್ಟುಕೊಂಡವರು ಬಹಳ. ಅಂಗಡಿಯವನಿಗೆ ಐದಕ್ಕೆ ಬಾಗಿಲು ಹಾಕುವ ಸುಖವಿಲ್ಲ, ಹಾಗಾಗಿ ತಾಸು ಏರುತ್ತದೆ. ಇನ್ನೊಂದು ಮಾತು. 2023ರಲ್ಲಿ 20ರಿಂದ 64 ವಯಸ್ಸಿನ ನೂರು ಜನರಲ್ಲಿ ನೆದರ್ಲೆಂಡ್ಸಿನಲ್ಲಿ 83.5 ಮಂದಿಗೆ ಕೆಲಸವಿತ್ತು, ಗ್ರೀಸಿನಲ್ಲಿ 67.4 ಮಂದಿಗೆ. ಈಗ ಒಂದು ಒರಟು ಗುಣಾಕಾರ ಮಾಡಿ. ನೂರು ಜನರ ಲೆಕ್ಕದಲ್ಲಿ ನೆದರ್ಲೆಂಡ್ಸಿನಲ್ಲಿ ವಾರಕ್ಕೆ ಸುಮಾರು 2,690 ತಾಸು ದುಡಿಮೆ. ಗ್ರೀಸಿನಲ್ಲಿ ಸುಮಾರು 2,680. ಹೆಚ್ಚುಕಡಿಮೆ ಒಂದೇ! ಅಲ್ಲಿ ಹೆಚ್ಚು ಜನ ಹಂಚಿಕೊಂಡು ದುಡಿದರು, ಇಲ್ಲಿ ಕಡಿಮೆ ಜನ ಹೆಚ್ಚು ಹೊತ್ತು ದುಡಿದರು, ಅಷ್ಟೇ. ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ವರ್ಷಕ್ಕೆ ಎಷ್ಟು ತಾಸು ಎಂಬ ಪಟ್ಟಿ ಕೊಡುತ್ತದೆ. ಕಾಲದಿಂದ ಕಾಲಕ್ಕೆ ಆದ ಏರಿಳಿತ ನೋಡಲು ಇದನ್ನು ಬಳಸಿ, ಒಂದೇ ವರ್ಷದಲ್ಲಿ ದೇಶ ದೇಶಗಳ ನಡುವೆ ತೂಗಿ ನೋಡಬೇಡಿ ಎಂದು ಅದೇ ಪಟ್ಟಿಯ ಜೊತೆ ಎಚ್ಚರಿಕೆಯನ್ನೂ ಕೊಡುತ್ತದೆ. ತೂಗುವವರು ಮಾತ್ರ ಆ ಸಾಲನ್ನು ಓದುವುದಿಲ್ಲ.

ಇನ್ನು 'ಕೆಲಸವಿದೆ' ಎಂದರೆ ಏನು? ಜಿನೀವಾದಲ್ಲಿ 1982ರಲ್ಲಿ ಸೇರಿದ್ದ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ ಒಂದು ನಿಯಮ ಹಾಕಿಕೊಟ್ಟಿತು: ಸಂಬಳಕ್ಕೋ ಲಾಭಕ್ಕೋ ಒಂದು ತಾಸು ದುಡಿದಿದ್ದರೂ ಆತ ಉದ್ಯೋಗಿ. ಯುರೋಪಿನ ಸಮೀಕ್ಷೆ ಅದನ್ನೇ ವಾರದ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ದೇಶದಲ್ಲಿ 2017ರಿಂದ ನಡೆಯುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯೂ ವಾರದ ಲೆಕ್ಕ ಹೇಳುವಾಗ ಏಳು ದಿನಗಳಲ್ಲಿ ಒಂದು ತಾಸು ಎಂಬ ಇದೇ ಅಳತೆಗೋಲನ್ನು ಬಳಸುತ್ತದೆ. ಅಂದಮೇಲೆ ಒಂದು ತಾಸು ದುಡಿದವನೂ ಉದ್ಯೋಗಿ, ಎಪ್ಪತ್ತು ತಾಸು ದುಡಿದವನೂ ಉದ್ಯೋಗಿ. ಹಾಗಾದರೆ ದಿನವಿಡೀ ದುಡಿಯುವ ಹೆಣ್ಣುಮಗಳು?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಗದಗ ಜಿಲ್ಲೆಗೆ ಬರೋಣ. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ತುಂಗಭದ್ರೆಯ ದಂಡೆಯ ಊರು. ಗುಡ್ಡದ ಮೇಲಿನ ವೀರಭದ್ರೇಶ್ವರನಿಂದ ಭಕ್ತರಿಗೆ ಗೊತ್ತು, ಏತ ನೀರಾವರಿ ಯೋಜನೆಯಿಂದ ನಾಡಿಗೆಲ್ಲ ಗೊತ್ತು. ಯೋಜನೆಗೆ ಹೆಸರು ಸಿಂಗಟಾಲೂರಿನದು, ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜು ಇರುವುದು ಹಮ್ಮಿಗಿಯಲ್ಲಿ. ಹೊಳೆಯಿಂದ ಎತ್ತಿದ ನೀರಿಗೆ ಲೆಕ್ಕವಿದೆ, ಪಂಪಿಗೆ ತಗಲುವ ವಿದ್ಯುತ್ತಿಗೆ ಲೆಕ್ಕವಿದೆ. ನೀರು ಬರಲಿ ಬಾರದಿರಲಿ, ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಕೈಗಳ ಲೆಕ್ಕ ಎಲ್ಲಿದೆ?

ಈ ಸೀಮೆಯ ಯಾವುದಾದರೂ ಒಂದು ರೈತರ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಎರಡು ಮೂರು ಎಕರೆ ಎರೆಹೊಲ, ಒಂದು ಎಮ್ಮೆ. ಮನೆಯಾಕೆ ಕೋಳಿ ಕೂಗುವ ಮೊದಲು ಎದ್ದು ಸಗಣಿ ಬಳಿದು, ನೀರು ತಂದು, ಎಮ್ಮೆ ಹಿಂಡಿ, ಹತ್ತಾರು ಜೋಳದ ರೊಟ್ಟಿ ಬಡಿಯುತ್ತಾಳೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಳ್ಳಾಗಡ್ಡಿಯ ಕಳೆ ತೆಗೆಯುತ್ತಾಳೆ. ಬರುವಾಗ ತಲೆಯ ಮೇಲೆ ಮೇವಿನ ಹೊರೆ, ಇಲ್ಲವೇ ಕಟ್ಟಿಗೆಯ ಹೊರೆ. ಸಂಜೆ ಮತ್ತೆ ಒಲೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಬಾಗಿಲಿಗೆ ಬಂದ ಸಮೀಕ್ಷೆಯವರು 'ಮನೆಯವರು ಏನು ಮಾಡುತ್ತಾರೆ?' ಎಂದು ಕೇಳಿದರೆ, ಕಟ್ಟೆಯ ಮೇಲೆ ಕುಳಿತ ಯಜಮಾನ ಹೇಳುವುದು ನಮಗೆಲ್ಲ ಗೊತ್ತಿರುವ ಉತ್ತರ: 'ಏನಿಲ್ಲರೀ, ಮನ್ಯಾಗ ಇರ್ತಾಳ.'

ಈ ಒಂದು ಉತ್ತರದಿಂದ ಆಕೆ ಯಾವ ಖಾನೆಗೆ ಬೀಳುತ್ತಾಳೆ ನೋಡಿ. ನಮ್ಮ ಸಮೀಕ್ಷೆಯಲ್ಲಿ ಒಬ್ಬೊಬ್ಬರ ಸ್ಥಿತಿಗೂ ಒಂದು ಅಂಕೆಯಿದೆ. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಕಟ್ಟಿಗೆ, ಮೇವು ಆಯ್ದು ತರುವುದು, ಮನೆಮಂದಿಯ ಬಟ್ಟೆ ಹೊಲಿಯುವುದು ಇತ್ಯಾದಿ ಮಾಡುವವರಿಗೆ 93. ಈ ಎರಡೂ ಅಂಕೆಯವರು ಕಾರ್ಮಿಕ ಬಲದ ಹೊರಗೆ. ಮನೆಯ ಹೊಲದಲ್ಲೋ ಕಸುಬಿನಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21, ಇವರು ಒಳಗೆ. ಕಳೆ ತೆಗೆಯುತ್ತಾಳೆ ಎಂಬ ಒಂದು ಮಾತನ್ನು ಗಂಡ ಸೇರಿಸಿದ್ದರೆ 92 ಹೋಗಿ 21 ಆಗಬಹುದಿತ್ತು. ಬೆಟಗೇರಿಯ ನೇಕಾರರ ಮನೆಯಲ್ಲೂ ಇದೇ ಕತೆ. ಮಗ್ಗದ ಮುಂದೆ ಕುಳಿತವನು ನೇಕಾರ. ಮೂಲೆಯಲ್ಲಿ ಕುಳಿತು ಕಂಡಿಕೆ ಸುತ್ತುವವಳನ್ನು ನೇಕಾರಳು ಎನ್ನುವ ರೂಢಿ ನಮ್ಮಲ್ಲಿಲ್ಲ. ಕಂಡಿಕೆ ನಿಂತರೆ ಮಗ್ಗ ನಿಲ್ಲುತ್ತದೆ ಎಂಬುದು ಮಾತ್ರ ಆ ಮನೆಯ ಮಕ್ಕಳಿಗೂ ಗೊತ್ತು.

ಎಮ್ಮೆಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. 2001ರ ನಮ್ಮ ಜನಗಣತಿಯಲ್ಲಿ, ಹಾಲು ಮನೆಯ ಬಳಕೆಗೇ ಆದರೂ ಎಮ್ಮೆ ಸಾಕಿ ಹಾಲು ಹಿಂಡುವವಳು ದುಡಿಯುವವಳೇ ಎಂದು ಒಪ್ಪಿಕೊಂಡರು. 2013ರಲ್ಲಿ ಜಿನೀವಾದ ಅದೇ ಸಮ್ಮೇಳನ, ಸ್ವಂತ ಬಳಕೆಗೆ ಮಾಡುವ ಉತ್ಪಾದನೆಯೂ ಕೆಲಸವೇ, ಆದರೆ ಅದು ಉದ್ಯೋಗವಲ್ಲ ಎಂದು ಬೇರೆ ಮಾಡಿತು. 2021ರಿಂದ ಯುರೋಪಿನ ಸಮೀಕ್ಷೆಯೂ, ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಮನೆಗೇ ಆದರೆ ಅವರನ್ನು ಉದ್ಯೋಗಿಗಳೆಂದು ಹಿಡಿಯುವುದಿಲ್ಲ. ಅದೇ ಎಮ್ಮೆ, ಅದೇ ಹಾಲು, ಅದೇ ಕೈ. ಒಂದು ಪುಸ್ತಕದಲ್ಲಿ ದುಡಿಯುವವಳು, ಇನ್ನೊಂದರಲ್ಲಿ ಅಲ್ಲ.

ಲೆಕ್ಕ ಬದಲಾದರೆ ದೇಶದ ಚಿತ್ರವೇ ಬದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರು 2017-18ರಲ್ಲಿ ನೂರಕ್ಕೆ 24.6, 2023-24ರಲ್ಲಿ 47.6. ಆರು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಸಂತೋಷ ಪಡುವ ಮೊದಲು ಇನ್ನೊಂದು ಅಂಕಿ ನೋಡಿ. 2023-24ರಲ್ಲಿ ದುಡಿಯುವವರೆಂದು ಬರೆಸಿಕೊಂಡ ದೇಶದ ಹೆಂಗಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಆ 21ರ ಖಾನೆಯವರು, ಅಂದರೆ ಸಂಬಳವಿಲ್ಲದ ಸಹಾಯಕರು. ಹೊಸ ಕೆಲಸ ಎಷ್ಟು ಹುಟ್ಟಿತು, ಮೊದಲೇ ಇದ್ದ ಕೆಲಸ ಎಷ್ಟು ಕಣ್ಣಿಗೆ ಬಿತ್ತು ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಕೈಗೆ ಕಾಸು ಬಾರದ ದುಡಿಮೆ ಎಂಬುದಂತೂ ನಿಜ.

ಮನೆಯೊಳಗಿನ ತಾಸುಗಳನ್ನು ಎಣಿಸುವ ಸಮೀಕ್ಷೆಯೂ ನಮ್ಮಲ್ಲಿ ನಡೆದಿದೆ. ಜನ ಇಪ್ಪತ್ನಾಲ್ಕು ತಾಸನ್ನು ಹೇಗೆ ಕಳೆಯುತ್ತಾರೆ ಎಂದು 2019ರಲ್ಲೂ 2024ರಲ್ಲೂ ದೇಶದಾದ್ಯಂತ ಕೇಳಿದರು. 2024ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣು ಅದಕ್ಕೆ ದಿನಕ್ಕೆ ಕೊಟ್ಟದ್ದು ಸರಾಸರಿ 289 ನಿಮಿಷ. ಗಂಡು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. 289 ನಿಮಿಷವನ್ನು ಏಳರಿಂದ ಗುಣಿಸಿದರೆ ವಾರಕ್ಕೆ 33 ತಾಸು ದಾಟುತ್ತದೆ. ಡಚ್ಚನ ಇಡೀ ವಾರದ ನೌಕರಿಗಿಂತ ಒಂದು ಕೈ ಹೆಚ್ಚು! ಹೊಲ, ಎಮ್ಮೆ ಇದರ ಮೇಲೆ. ಅವನ್ನೂ ಕೂಡಿಸಿದರೆ 70 ತಾಸನ್ನು ದಾಟುವ ಹೆಂಗಸರು ಊರೂರಲ್ಲಿ ಸಿಗುತ್ತಾರೆ. ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2023ರ ಆಗಸ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೃಹಲಕ್ಷ್ಮಿ ಯೋಜನೆ ಆರಂಭಿಸಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿದಾಗ, ಕೂತು ಉಣ್ಣುವವರಿಗೆ ಬಿಟ್ಟಿ ದುಡ್ಡು ಎಂದು ಮೂಗು ಮುರಿದವರಿದ್ದರು. ಅದು ಕೂಲಿಯಲ್ಲ, ಸರ್ಕಾರವೂ ಹಾಗೆ ಹೇಳಿಲ್ಲ. ಆದರೂ ಲೆಕ್ಕಕ್ಕೆಂದು ಆ 289 ನಿಮಿಷಗಳಿಗೆ ಹಂಚಿ ನೋಡಿದರೆ ತಾಸಿಗೆ 14 ರೂಪಾಯಿ ಮುಟ್ಟುವುದಿಲ್ಲ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ನಡೆಯಲಿ. 'ಕೂತು ಉಣ್ಣುವವರು' ಎಂಬ ಮಾತನ್ನಾದರೂ ಕೈಬಿಡಬಹುದು.

ಖಾನೆಯ ಅಂಕೆ ಏನಾದರೇನು, ಹೊಟ್ಟೆ ತುಂಬೀತೇ ಎಂದು ಕೇಳಬಹುದು. ತುಂಬುವುದಿಲ್ಲ. ಆದರೆ ಯಾವ ಊರಿಗೆ ಏನು ಬೇಕು, ಯಾರಿಗೆ ತರಬೇತಿ, ಯಾರಿಗೆ ಸಾಲ, ಯಾರಿಗೆ ಕೂಸಿನ ಮನೆ ಎಂದು ಅಧಿಕಾರಿಗಳು ಯೋಚಿಸುವುದು ಈ ಅಂಕೆಗಳನ್ನು ಮುಂದಿಟ್ಟುಕೊಂಡೇ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದವು ನೂರಕ್ಕೆ ಸುಮಾರು 14. ಪಹಣಿಯಲ್ಲಿ ಹೆಸರಿಲ್ಲ, ಸಮೀಕ್ಷೆಯಲ್ಲಿ ಕೆಲಸವಿಲ್ಲ ಎಂದಾದರೆ, ರೈತರ ಹೆಸರಿನಲ್ಲಿ ಬರುವ ಯಾವ ಸವಲತ್ತೂ ಆಕೆಯ ಬಾಗಿಲು ಹುಡುಕಿಕೊಂಡು ಬರುವುದಿಲ್ಲ.

2027ರ ಜನಗಣತಿಗೆ ಮಾರ್ಚ್ 1ನ್ನು ಎಣಿಕೆಯ ದಿನವೆಂದು ಗೊತ್ತುಪಡಿಸಿದ್ದಾರೆ. 2011ರ ನಂತರ ಇದೇ ಮೊದಲ ಗಣತಿ. ಅದಕ್ಕಲ್ಲದೆ ಬೇರೆ ಸಮೀಕ್ಷೆಯವರೂ ಆಗಾಗ ಬಾಗಿಲಿಗೆ ಬರುತ್ತಿರುತ್ತಾರೆ. ಓದುಗರಲ್ಲಿ ಒಂದು ಬಿನ್ನಹ. ಮನೆಯ ಹೆಂಗಸರ ಕೆಲಸ ಕೇಳಿದಾಗ ಕಟ್ಟೆಯ ಮೇಲಿನಿಂದಲೇ ಉತ್ತರ ಹೇಳಿ ಕಳಿಸಬೇಡಿ. ಒಳಗಿನವರನ್ನು ಹೊರಗೆ ಕರೆಯಿರಿ, ನಿನ್ನೆ ಬೆಳಗಿನಿಂದ ಮಲಗುವವರೆಗೆ ಏನೇನು ಮಾಡಿದರೆಂದು ಅವರೇ ಹೇಳಲಿ. ಗಣತಿದಾರರಿಗೆ ಹತ್ತು ನಿಮಿಷ ಹೆಚ್ಚು ಹಿಡಿದೀತು. ಅವರಿಗೊಂದು ಲೋಟ ಚಹಾ ಕೊಡಿ. ಸಾಧ್ಯವಾದರೆ ಆ ಚಹಾವನ್ನು ಯಜಮಾನರೇ ಕಾಯಿಸಿ ತರಲಿ.