ಕಾಲುನೋವಿಗೆ ನಡಿಗೆಯ ಮದ್ದು

ನೂರಿನ್ನೂರು ಗಜ ನಡೆಯುವಷ್ಟರಲ್ಲಿ ಮೀನಖಂಡವನ್ನು ಹಿಂಡಿದಂತಾಗುವುದು, ನಾಲ್ಕಾರು ನಿಮಿಷ ನಿಂತರೆ ನೋವು ಅಡಗುವುದು, ಮತ್ತೆ ನಡೆದರೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿ ಅದು ಮರಳುವುದು: ವೃದ್ಧರಲ್ಲಿ ಕಾಣುವ ಈ ಬೇನೆಯನ್ನು ಮುಪ್ಪಿನ ಸಹಜಗುಣವೆಂದು ಬಗೆದು, “ಇನ್ನು ನಡೆಯಬೇಡಿ, ಕುಳಿತಿರಿ” ಎಂದು ಮನೆಯವರು ಅಕ್ಕರೆಯಿಂದ ಹೇಳುವುದುಂಟು. ಈ ಅಕ್ಕರೆ ರೋಗಿಗೆ ಹಿತವಲ್ಲವೆಂಬುದು ನಮ್ಮ ಮತ.

ಇಲ್ಲಿ ಕೆಟ್ಟಿರುವುದು ಸ್ನಾಯುವಲ್ಲ. ಅದಕ್ಕೆ ರಕ್ತವನ್ನೊಯ್ಯುವ ಅಪಧಮನಿ. ಅದರ ಒಳಗೋಡೆಯಲ್ಲಿ ಕೊಬ್ಬು ಮೊದಲಾದ ಪದಾರ್ಥಗಳು ಶೇಖರವಾಗಿ ನಾಳವು ಕಿರಿದಾಗಿರುತ್ತದೆ. ತಂಬಾಕಿನ ಹೊಗೆಯೂ ಮಧುಮೇಹವೂ ಇದಕ್ಕೆ ಮುಖ್ಯ ಕಾರಣಗಳು. ಕುಳಿತಿರುವಾಗ ಸ್ನಾಯುವಿಗೆ ಅಲ್ಪ ರಕ್ತವೇ ಸಾಕು. ನಡೆಯುವಾಗ ಅದರ ಹಲವು ಮಡಿ ಬೇಕು. ಬೇಕಾದಷ್ಟು ಆಮ್ಲಜನಕ ಒದಗದಿರುವುದೇ ನೋವಿನ ಮೂಲ.

ಫ್ರಾನ್ಸಿನ ಪಶುವೈದ್ಯ ಬೂಲೆ ೧೮೩೧ರಲ್ಲಿ ಇಂತಹ ಕುಂಟನ್ನು ಕುದುರೆಯಲ್ಲಿ ವರ್ಣಿಸಿದನು. ೧೮೫೮ರಲ್ಲಿ ಷಾರ್ಕೋ ಅದನ್ನು ಮನುಷ್ಯನಲ್ಲಿ ವಿವರಿಸಿದನು. ೧೯೬೬ರಲ್ಲಿ ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ ಹದಿನಾಲ್ಕು ರೋಗಿಗಳಲ್ಲಿ ಅರ್ಧ ಜನರಿಗೆ ದಿನವೂ ನಡಿಗೆಯ ಅಭ್ಯಾಸ ಮಾಡಿಸಿದರು. ಹಾಗೆ ಅಭ್ಯಾಸ ಮಾಡಿದವರು ಮೊದಲಿಗಿಂತ ಬಹುದೂರ ನಡೆಯಬಲ್ಲವರಾದರು. ಅನಂತರದ ಅನೇಕ ಪರೀಕ್ಷೆಗಳು ಇದನ್ನು ಸಮರ್ಥಿಸಿವೆ.

ವಿಧಾನ ಸರಳವಾದುದು. ನೋವು ಸಾಕಷ್ಟು ಬಲಿಯುವವರೆಗೆ ನಡೆಯಬೇಕು, ಅದು ಅಡಗುವವರೆಗೆ ನಿಲ್ಲಬೇಕು, ಮತ್ತೆ ನಡೆಯಬೇಕು. ಹೀಗೆ ಅರ್ಧ ಗಂಟೆಯಿಂದ ಒಂದು ಗಂಟೆ, ವಾರಕ್ಕೆ ಮೂರು ಸಲ, ಕನಿಷ್ಠ ಹನ್ನೆರಡು ವಾರ. ಇದರಿಂದ ಕಿರಿದಾದ ನಾಳವೇನೂ ತೆರೆದುಕೊಳ್ಳದು. ಆದರೆ ಸ್ನಾಯುವಿನಲ್ಲಿ ಲೋಮನಾಳಗಳು ಹೆಚ್ಚುತ್ತವೆ. ದೊರೆತಷ್ಟು ಆಮ್ಲಜನಕವನ್ನೇ ಅದು ಮೊದಲಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ.

ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಹಣವಿಲ್ಲದೆ ದೊರೆಯುವ ನಡಿಗೆಯನ್ನು ಔಷಧವೆಂದು ನಂಬುವವರು ವಿರಳ. “ಸ್ವಲ್ಪ ನಡೆದಾಡಿ” ಎಂಬ ಬರಿಯ ಬುದ್ಧಿವಾದವೂ ಸಾಲದು. ತಿಳಿದವರ ಮೇಲ್ವಿಚಾರಣೆಯಲ್ಲಿ ಮಾಡಿದ ಅಭ್ಯಾಸವೇ ಹೆಚ್ಚು ಫಲ ಕೊಡುವುದೆಂದು ಪರೀಕ್ಷೆಗಳು ತೋರಿಸಿವೆ. ಅಮೆರಿಕದ ಮೆಡಿಕೇರ್ ವಿಮೆಯು ಹನ್ನೆರಡು ವಾರಗಳಲ್ಲಿ ಇಂತಹ ಮೂವತ್ತಾರು ಪಾಠಗಳ ವೆಚ್ಚವನ್ನು ಭರಿಸಲು ೧೯೧೭ರಲ್ಲಲ್ಲ, ೨೦೧೭ರಷ್ಟು ತಡವಾಗಿ ಒಪ್ಪಿತು. ನಮ್ಮ ವೈದ್ಯರೂ ಔಷಧದ ಚೀಟಿಯಲ್ಲಿ ಮಾತ್ರೆಯ ಪಕ್ಕದಲ್ಲೇ ನಡಿಗೆಯ ಪ್ರಮಾಣವನ್ನೂ ಬರೆಯಬೇಕು. ಆಸ್ಪತ್ರೆಗಳು ಅದನ್ನು ಕಲಿಸಲು ಏರ್ಪಾಡು ಮಾಡಬೇಕು.

ಆದರೆ ಮೊದಲು ವೈದ್ಯಪರೀಕ್ಷೆ ಅವಶ್ಯ. ಕಾಲಿನ ನಾಳ ಕಿರಿದಾದವರಲ್ಲಿ ಹೃದಯದ ನಾಳಗಳೂ ಹಾಗಾಗಿರಬಹುದು. ಸುಮ್ಮನಿರುವಾಗಲೂ ಪಾದ ನೋಯುತ್ತಿದ್ದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾದರೆ ನಡಿಗೆಯ ಮಾತು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೀಡಿ ಸಿಗರೇಟುಗಳನ್ನಂತೂ ತ್ಯಜಿಸಲೇಬೇಕು.

ವಿದ್ಯಾರ್ಥಿ ಮಿತ್ರರಿಗೆ ನಮ್ಮ ಸೂಚನೆ ಇಷ್ಟೆ: ನಿಮ್ಮ ಮನೆಯ ಹಿರಿಯರಿಗೆ ವೈದ್ಯರು ನಡಿಗೆಯನ್ನು ವಿಧಿಸಿದ್ದರೆ ಅವರಿಗೆ ಕುರ್ಚಿಯನ್ನು ತಂದಿಡಬೇಡಿ, ಗಡಿಯಾರ ಹಿಡಿದು ಜೊತೆಯಲ್ಲಿ ನಡೆಯಿರಿ, ಅವರು ನಿಂತಾಗ ನೀವೂ ನಿಲ್ಲಿರಿ.