ರೋಗದ ಚಿತ್ರ ತೋಟದಲ್ಲಿ ಕಾಣಬೇಕು

ಕಳೆದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದಲ್ಲಿ ಎಳೆಕಾಯಿ ಉದುರತೊಡಗಿತು. ಕೊಳೆಯೋ, ತಿಗಣೆಯೋ? ರಾತ್ರಿ ಮನೆಯ ವೈಫೈನಲ್ಲಿ ಒಂದು ಕೃಷಿ ಆ್ಯಪ್ ತೆರೆದು ಎರಡರ ಚಿತ್ರವನ್ನೂ ಅಪ್ಪನಿಗೆ ತೋರಿಸಿ, ಬೆಳಿಗ್ಗೆ ನಾನು ಶಿವಮೊಗ್ಗಕ್ಕೆ ಹೋದೆ. ಭದ್ರಾವತಿ ಕಡೆಯ ನಮ್ಮ ತೋಟದಲ್ಲಿ ಟವರ್ ಸಿಗಲ್ಲ. ಅಪ್ಪ ಆ್ಯಪ್ ತೆರೆದರೆ ಅಕ್ಷರ ಬಂತು, ಚಿತ್ರದ ಜಾಗದಲ್ಲಿ ಬರೀ ತಿರುಗುವ ಚಕ್ರ. ಔಷಧಿ ಹೊಡೆಯುವವರು ಬಂದು ನಿಂತಿದ್ದರು, ವಾಪಸ್ ಕಳಿಸಿದರೆ ಮತ್ತೆ ಸಿಗೋದು ಯಾವಾಗಲೋ. ಮೊದಲ ಬೋರ್ಡೋ ಹೊಡೆದು ಹದಿನೈದು ದಿನವೂ ಆಗಿರಲಿಲ್ಲ. ಆದರೂ ಇನ್ನೊಮ್ಮೆ ಹೊಡೆಸಿಬಿಟ್ಟರು.

ಸಂಜೆ ಬಂದು ನೋಡಿದೆ: ಕಾಯಿ ಮೇಲೆ ಸೂಜಿ ಚುಚ್ಚಿದಂಥ ಗುರುತು. ತಿಗಣೆ ರಸ ಹೀರಿತ್ತು. ಕೊಳೆಯಾದರೆ ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಲೆ, ಆಮೇಲೆ ಬಿಳಿ ಬೂಸ್ಟು. ಬೋರ್ಡೋ ಶಿಲೀಂಧ್ರಕ್ಕೆ, ತಿಗಣೆಗಲ್ಲ. ಕೂಲಿ, ಮೈಲುತುತ್ತು ಎರಡೂ ದಂಡ.

ತಪ್ಪು ಅಪ್ಪನದಲ್ಲ. ಒಮ್ಮೆ ನೋಡಿದ ಚಿತ್ರವನ್ನು ಫೋನಿನಲ್ಲೇ ಎತ್ತಿಟ್ಟುಕೊಂಡು, ಮುಂದೆ ನೆಟ್ ಇಲ್ಲದೆಯೂ ತೋರಿಸುವ ವ್ಯವಸ್ಥೆಗೆ 'ಕ್ಯಾಶ್' ಅಂತಾರೆ. ದುಡ್ಡಲ್ಲ, ಆದರೆ ನಮ್ಮ ದುಡ್ಡು ಉಳಿಸುತ್ತೆ. ಆ ಆ್ಯಪ್‌ನಲ್ಲಿ ಅದಿರಲಿಲ್ಲ.

ಆ್ಯಪ್ ಮಾಡುವವರಿಗೆ ನನ್ನ ಮಾತು ಇಷ್ಟೆ. ಅಡಿಕೆ ಧಾರಣೆ ದಿನಾ ಬದಲಾಗುತ್ತೆ, ಅದನ್ನು ಹೊಸದಾಗಿಯೇ ತನ್ನಿ. ಆದರೆ ಕೊಳೆರೋಗದ ಚಿತ್ರ ನಾಳೆಗೆ ಹಳತಾಗಲ್ಲ. ಅದನ್ನು ಸಣ್ಣ ಗಾತ್ರದಲ್ಲಿ, ವೈಫೈ ಇದ್ದಾಗ ತಾನಾಗಿಯೇ ಫೋನಿನಲ್ಲಿ ಉಳಿಸಿ. ಔಷಧಿ ಪ್ರಮಾಣ ಬರೆದ ಚಿತ್ರವಾದರೆ ತಾರೀಖನ್ನೂ ತೋರಿಸಿ, ಹಳೇ ಲೆಕ್ಕ ನಂಬಿ ಯಾರೂ ಕೆಡಬಾರದು. "ಫೋನ್ ತುಂಬಿಹೋಗುತ್ತೆ" ಅನ್ನೋರಿದ್ದಾರೆ. ನಿಜ, ಆದರೆ ಫೋನ್ ತುಂಬಿಸೋದು ಗುಡ್ ಮಾರ್ನಿಂಗ್ ಚಿತ್ರಗಳು, ವಿಡಿಯೊಗಳು. ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಡೌನ್‌ಲೋಡ್ ಆಗೋದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ, ಜಾಗ ಸಿಗುತ್ತೆ.

ಅಲ್ಲಿಯವರೆಗೆ ನಾವು ಮಾಡಬಹುದಾದ ಪರೀಕ್ಷೆ ಒಂದಿದೆ. ಮನೆಯಲ್ಲಿ ಚಿತ್ರ ನೋಡಿ, ಆ್ಯಪ್ ಪೂರ್ತಿ ಮುಚ್ಚಿ, ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯಾ ನೋಡಿಕೊಂಡು ಮತ್ತೆ ತೆರೆಯಿರಿ. ಚಿತ್ರ ಕಂಡರೆ ಉಳಿದಿದೆ ಅಂತ. ಆದರೂ ಪೂರ್ತಿ ನಂಬಬೇಡಿ: ಜಾಗ ಕಡಿಮೆಯಾದಾಗ ಫೋನೇ ಕ್ಯಾಶ್ ಅಳಿಸಿಬಿಡಬಹುದು. ನಿಮ್ಮ ಬೆಳೆಯ ಮುಖ್ಯ ನಾಲ್ಕೈದು ರೋಗ, ಕೀಟಗಳ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಅದು ಗ್ಯಾಲರಿಯಲ್ಲಿ ಉಳಿಯುತ್ತೆ.

ನಮ್ಮಪ್ಪನ ಫೋನಿನಲ್ಲಿ ಈಗ ಆ ಎರಡು ಚಿತ್ರ ಇವೆ. ಈ ಸಲ ಕಾಯಿ ಉದುರಿದಾಗ ಅವರೇ ಹೋಲಿಸಿ ನೋಡಿ, ಸಂಜೆ ನನಗೆ ಹೇಳಿದರು: "ತಿಗಣೆ ಕಣೋ. ಬೋರ್ಡೋ ಬೇಡ."